ನಾಲ್ಕನೇ ಪುಟದಲ್ಲಿ ಸತ್ತ ತಂಗಿ

ಪ್ಯಾರಿಸ್
9 ಮಾರ್ಚ್ 1958

ಅಕ್ಕ ಲೆಯೋನಿಗೆ,

ಹೊಸ ವರ್ಷದ ಕಾರ್ಡು ಬಿಟ್ಟರೆ ಹದಿನಾಲ್ಕು ವರ್ಷದಿಂದ ನಾವು ಒಬ್ಬರಿಗೊಬ್ಬರು ಏನೂ ಬರೆದುಕೊಂಡಿಲ್ಲ. ಕಾರ್ಡಿನಲ್ಲೂ ನೀನು ಬರೀ ಹೆಸರು ಗೀಚಿ ಕಳಿಸುತ್ತೀಯ. ಹಾಗಾಗಿ ಈ ಪತ್ರ ನೋಡಿ ಯಾರೋ ಸತ್ತರು ಅಂದುಕೊಂಡೀಯ. ಯಾರೂ ಸತ್ತಿಲ್ಲ. ಜೊತೆಗೆ ಒಂದು ಪುಸ್ತಕ ಬರುತ್ತದೆ. ರಕ್ಷಾಪುಟದ ಮೇಲೆ ನನ್ನ ಮುಖ ಇದೆ ಅಂತ ಅದನ್ನು ಸಿನಿಮಾದ್ದು ಅಂದುಕೊಂಡು ಎಸೆಯಬೇಡ. ಅದು ಕಾದಂಬರಿ. ನಾನೇ ಬರೆದದ್ದು. ಮುಖ ಹಾಕಬೇಡಿ ಅಂತ ಪ್ರಕಾಶಕ ಗ್ರಾಂಪಿಯೆಗೆ ಮೂರು ಸಲ ಹೇಳಿದೆ. "ಮೇಡಂ, ನಿಮ್ಮ ವಾಕ್ಯಗಳನ್ನು ಯಾರೂ ಇನ್ನೂ ನೋಡಿಲ್ಲ, ಮುಖವನ್ನು ಎಲ್ಲರೂ ನೋಡಿದ್ದಾರೆ" ಅಂದ. ಅದೂ ಹದಿನೈದು ವರ್ಷ ಹಳೆಯ ಫೋಟೋ.

ನಾನು ಸಿನಿಮಾ ಯಾಕೆ ಬಿಟ್ಟೆ ಅಂತ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ನಾಟಕ ಕಂಪನಿಯ ಜೊತೆ ಊರೂರು ಅಲೆಯುತ್ತಿದ್ದವಳನ್ನು ಹತ್ತೊಂಬತ್ತನೇ ವಯಸ್ಸಿಗೆ ಪ್ಯಾರಿಸ್ಸಿಗೆ ಕರೆತಂದು, ಕೆಮೆನೆರ್ ಅನ್ನುವ ಹೆಸರು ಮೀನಿನ ವಾಸನೆ ಹೊಡೆಯುತ್ತೆ ಅಂತ ಕೊರಿನ್ ದಾರ್ವೆ ಅಂತ ಹೆಸರಿಟ್ಟ ನಿರ್ದೇಶಕ ಅಶಿಲ್ ಬೋರ್ಗಾರ್ ನಿನಗೆ ನೆನಪಿರಬೇಕು. ಮೂರು ವರ್ಷದ ಹಿಂದೆ ಅವನೇ ಹೇಳಿಕಳಿಸಿದ. ಪಾತ್ರ ತಾಯಿಯದು. ಮಗ ಯಾರು ಗೊತ್ತೇ? ನಲವತ್ತೆರಡರ ಚಿತ್ರದಲ್ಲಿ ನನ್ನ ಪ್ರಿಯಕರನಾಗಿದ್ದವನೇ. ನನಗಿಂತ ಎರಡು ವರ್ಷ ದೊಡ್ಡವನು. ಸರಿ ಅಂತ ದೀಪದ ಕೆಳಗೆ ಕೂತೆ. ಕ್ಯಾಮೆರಾದವನು ಪೆನ್ಸಿಲಿನ ತುದಿಯಿಂದ ನನ್ನ ಗದ್ದ ಎತ್ತಿ, ನನ್ನನ್ನು ನೋಡದೆ ಬೋರ್ಗಾರನನ್ನು ನೋಡಿ, "ಈ ಕತ್ತಿಗೆ ಏನು ಮಾಡೋಣ?" ಅಂದ. ಬೋರ್ಗಾರ್ ಕಣ್ಣು ಕಿರಿದು ಮಾಡಿ ನೋಡಿದ. ಸೊಸೆಯಾಗಿ ಬರುವ ಹುಡುಗಿಯ ತೊಡೆಯ ಮೇಲೆ ಅವನ ಕೈ ಇತ್ತು. ಹತ್ತೊಂಬತ್ತರ ಹುಡುಗಿ. ನನಗೂ ಒಂದು ಕಾಲದಲ್ಲಿ ಆ ಕೈಯ ಭಾರ ಗೊತ್ತಿತ್ತು. ಅದೇ ಉಂಗುರ, ಅದೇ ಸಿಗರೇಟಿನ ಹಳದಿ.

ಮನೆಗೆ ಬಂದು ಮುಖದ ಬಣ್ಣ ಒರೆಸಿದೆ. ಆಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯಲು ಶುರುಮಾಡಿದೆ. ಪ್ಯಾರಿಸ್ಸಿನ ಬಗ್ಗೆ ಒಂದು ಸಾಲೂ ಬರಲಿಲ್ಲ. ನಮ್ಮ ಊರು ಬಂತು, ಮೀನು ಡಬ್ಬದ ಕಾರ್ಖಾನೆ ಬಂತು, ನೀನು ಬಂದೆ.

ಓದು. ಬೈಯಬೇಕೆನಿಸಿದರೆ ಬೈದು ಬರೆ.

ನಿನ್ನ
ಸೋಜಿಕ್


ಪೋರ್-ಕೆರ್ವಾನ್
2 ಏಪ್ರಿಲ್ 1958

ಶ್ರೀಮತಿ ಕೊರಿನ್ ದಾರ್ವೆಯವರಿಗೆ,

ಪುಸ್ತಕ ತಲುಪ್ತು. ನಿನ್ನ ಪಾರ್ಸೆಲ್ ಬರೋಕ್ಕೆ ಮುಂಚೆನೇ ಊರಿಗೆ ಬಂದಿತ್ತು ಬಿಡು. ಚರ್ಚಿನ ಎದುರಿನ ಅಂಗಡಿಯವಳು ಹನ್ನೆರಡು ಪ್ರತಿ ತರಿಸಿ, ಕಿಟಕೀಲಿ ಗೋಪುರ ಕಟ್ಟಿದಾಳೆ. ಕಾರ್ಖಾನೇಲಿ ನನ್ನ ಮೇಜಿನ ಹೆಂಗಸರು ಒಂದು ಪ್ರತಿ ಕೊಂಡು ಸರದಿ ಮೇಲೆ ಓದ್ತಿದಾರೆ. ನಾನು ಹತ್ರ ಹೋದ್ರೆ ಏಪ್ರನ್ನಿನ ಕೆಳಗೆ ಬಚ್ಚಿಡ್ತಾರೆ. ಹಾಳೆಗೆಲ್ಲ ಮೀನಿನ ಪೊರೆ ಅಂಟ್ಕೊಂಡಿದೆ.

ಬೈದು ಬರಿ ಅಂದಿದೀಯ. ಬೈಯೋಕ್ಕೂ ಮನಸ್ಸು ಬರ್ತಿಲ್ಲ. ಹೇಸಿಗೆ ಆಗುತ್ತೆ.

ನಲವತ್ತನಾಲ್ಕರ ಆಗಸ್ಟ್ ತಿಂಗಳಲ್ಲಿ, ಜರ್ಮನರು ಊರು ಬಿಟ್ಟ ಮೂರನೇ ದಿನ, ಜರ್ಮನರ ಜೊತೆ ಮಲಗಿದೋಳು ಅಂತ ಮೀನುಪೇಟೆ ಚೌಕದಲ್ಲಿ ಕುರ್ಚಿ ಹಾಕಿ ನನ್ನ ತಲೆ ಬೋಳಿಸಿದ್ರು. ಅದನ್ನ ನಾನು ಊರಲ್ಲಿ ಯಾರಿಗೂ ಹೇಳಿಲ್ಲ. ಹೇಳೋ ಅಗತ್ಯವೇ ಇರ್ಲಿಲ್ಲ, ಎಲ್ರೂ ಅಲ್ಲೇ ಇದ್ರಲ್ಲ. ಹದಿನಾಲ್ಕು ವರ್ಷ ಅವರೂ ಬಾಯಿ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ಅವರ ಜೊತೇಲೇ ಕೆಲಸ ಮಾಡ್ದೆ, ಅವರ ಮಕ್ಕಳ ಮದುವೇಲಿ ಉಂಡೆ. ಈಗ ನೀನು ಅದನ್ನ ಅಂಗಡಿ ಕಿಟಕೀಲಿ ಜೋಡಿಸಿದೀಯ. ಅದೂ ನಿನ್ನ ಮುಖದ ಕೆಳಗೆ.

ಅದನ್ನೂ ನುಂಗ್ಕೋಬೋದಿತ್ತು. ಆದ್ರೆ ನಿನ್ನ ಕಥೆಯ ಆ ಆನ್ನಾ, ಅಂದ್ರೆ ನಾನು, ಒಬ್ಬ ಜರ್ಮನ್ ಅಧಿಕಾರಿನ ಪ್ರೀತಿಸ್ತಾಳೆ. ಅವನು ಪಿಯಾನೋ ನುಡಿಸ್ತಾನೆ, ಅವಳ ಕೈಗೆ ಮುತ್ತಿಡ್ತಾನೆ, ಕೈಯಲ್ಲಿರೋ ಮೀನಿನ ವಾಸನೆ ಇಷ್ಟ ಅಂತಾನೆ. ಇವನನ್ನ ಎಲ್ಲಿಂದ ತಂದೆ ಸೋಜಿಕ್? ನಾನು ಅವರ ಬ್ಯಾರಕ್ಕಿಗೆ ಬಟ್ಟೆ ಒಗೆಯೋಕ್ಕೆ ಹೋಗ್ತಿದ್ದೆ. ಅಪ್ಪ ಸಮುದ್ರಕ್ಕೆ ಹೋದೋರು ಬರ್ಲಿಲ್ಲ, ಅಮ್ಮನ ಎದೇಲಿ ಗೂರಲು, ಕಾರ್ಖಾನೇಲಿ ವಾರಕ್ಕೆ ಎರಡು ದಿನ ಕೆಲಸ. ಮೂವತ್ತು ಗಂಡಸರ ಒಳಬಟ್ಟೆ ತಿಕ್ಕಿದೋಳು ನಾನು. ಅವುಗಳ ಕಲೆ ನನಗೆ ಗೊತ್ತು. ಅವರ ಮುಖ ಗೊತ್ತಿಲ್ಲ. ಹದಿನಾಲ್ಕು ವರ್ಷ ಊರಿನವರಿಗೂ ಒಳಗೊಳಗೆ ಗೊತ್ತಿತ್ತು, ಇವಳು ಏನೂ ಮಾಡ್ಲಿಲ್ಲ ಅಂತ. ಈಗ ನಿನ್ನ ಪುಸ್ತಕ ಓದಿ, "ಓ, ಹಾಗಾದ್ರೆ ಇತ್ತಂತೆ ಕಣೇ" ಅಂತಿದಾರೆ. ಸ್ವಂತ ತಂಗಿನೇ ಬರೆದಮೇಲೆ ಇನ್ನೇನು.

ನಾಲ್ಕು ವರ್ಷ ಜರ್ಮನ್ ಸೈನ್ಯಕ್ಕೆ ಡಬ್ಬ ಡಬ್ಬ ಮೀನು ಮಾರಿದ ನಮ್ಮ ಕಾರ್ಖಾನೆ ಯಜಮಾನ ನಿನ್ನ ಪುಸ್ತಕದಲ್ಲಿ ಇಲ್ಲ. ಆ ದಿನ ಕುರ್ಚಿ ಅವನ ಆಫೀಸಿಂದ ಬಂದಿತ್ತು.

ಇನ್ನೊಂದು. ಆನ್ನಾಗೆ ಒಬ್ಬ ತಂಗಿ ಇರ್ತಾಳೆ. ಅವಳನ್ನ ನಾಲ್ಕನೇ ಪುಟದಲ್ಲೇ ಕೆಮ್ಮಿಸಿ ಸಾಯಿಸಿದೀಯ. ಮುದ್ದಾದ ಮಗು, ದೇವರ ಪಾದ ಸೇರ್ಕೊಂಡ್ಲು. ಆರಾಮಾಯ್ತಲ್ಲ ಅವಳಿಗೆ.

ಲೆಯೋನಿ


ಪ್ಯಾರಿಸ್
20 ಏಪ್ರಿಲ್ 1958

ಅಕ್ಕ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಯಾರೋ ಬಾಗಿಲು ಬಡಿಯುತ್ತಾರೆ. ಈಗ ನನ್ನ ಮನೆಗೆ ಬರುವವರೆಲ್ಲ ಪತ್ರಿಕೆಯವರು. ಅವರನ್ನು ನೀನು ನೋಡಬೇಕು. ನಿನ್ನೆ ಬಂದವನು ಕಾಲು ಚಾಚಿ ಕೂತು, ನನ್ನ ವೈನ್ ಕುಡಿಯುತ್ತ, ಕಾದಂಬರಿ ನಿಜವಾಗಿ ಬರೆದವರು ಯಾರು ಅಂತ ಕೇಳಿದ. ಬೇಸರಿಸಿಕೊಳ್ಳಬೇಡಿ ಅಂತಲೂ ಸೇರಿಸಿದ. ಅವನ ಪತ್ರಿಕೆಯಲ್ಲಿ ಮೂವರ ಹೆಸರು ಓಡಾಡುತ್ತಿದೆಯಂತೆ: ನನ್ನ ಮಾಜಿ ಗಂಡ, ಒಬ್ಬ ಸತ್ತ ವಿಮರ್ಶಕ, ಮತ್ತೆ ನಾನು ಹೆಸರೇ ಕೇಳಿರದ ಒಬ್ಬ ಮೇಷ್ಟ್ರು. ನನ್ನ ಹಸ್ತಪ್ರತಿ ತೋರಿಸಿದೆ. ಅಕ್ಷರ ದುಂಡಗಿದೆ, ಚೆನ್ನಾಗಿ ನಕಲು ಮಾಡಿದ್ದೀರಿ ಅಂದ.

ಗ್ರಾಂಪಿಯೆಗೆ ದೂರು ಹೇಳಿದರೆ ಅವನು ಕೈ ಕೈ ಉಜ್ಜಿಕೊಂಡ. ಆ ಗಾಳಿಸುದ್ದಿ ಇನ್ನೆರಡು ವಾರ ಇದ್ದರೆ ಎರಡನೇ ಮುದ್ರಣ ಅಂತ. ಸುದ್ದಿ ಹಬ್ಬಿಸಿದವನು ಅವನೇ ಇರಬೇಕು ಅಂತ ನನಗೆ ಅನುಮಾನ.

ನೀನು ನೋವಾಯಿತು ಅಂದಿದ್ದೀಯ. ಅಲ್ಲ, ಹೇಸಿಗೆ ಅಂದಿದ್ದೀಯ. ನಾನು ಬರೆದದ್ದು ನಿನ್ನನ್ನು ನಾಚಿಸಲು ಅಲ್ಲ, ಅವರನ್ನು ನಾಚಿಸಲು. ಆ ಚೌಕದ ಅಧ್ಯಾಯ ಓದಿದ ಒಬ್ಬ ವೃದ್ಧೆ ಅಂಗಡಿಯಲ್ಲಿ ನನ್ನ ಕೈ ಹಿಡಿದು ಅತ್ತಳು. ಇನ್ನು ಆ ಜರ್ಮನ್ ಅಧಿಕಾರಿಯ ವಿಷಯ: ಕಾದಂಬರಿಗೆ ಒಂದು ಪ್ರೇಮ ಬೇಕಾಗುತ್ತದೆ, ಲೆಯೋನಿ. ಬರೀ ಒಗೆತದಿಂದ ಮುನ್ನೂರು ಪುಟ ಆಗುವುದಿಲ್ಲ.

ಈ ಸಾಲು ಓದಿದಾಗ ನೀನು ಏನನ್ನುತ್ತೀಯ ಅಂತ ನನಗೆ ಗೊತ್ತು. ಹೊಡೆದುಹಾಕದೆ ಬಿಟ್ಟಿದ್ದೇನೆ.

ಸೋಜಿಕ್


ಪೋರ್-ಕೆರ್ವಾನ್
30 ಜೂನ್ 1958

ಸೋಜಿಕ್,

ನೀನು ನಾಚಿಸೋಕ್ಕೆ ಹೊರಟಿದ್ದೋರ ಸಮಾಚಾರ ಹೇಳ್ತೀನಿ, ಕೇಳು.

ಮೊನ್ನೆ ಭಾನುವಾರ ಪೂಜೆ ಮುಗಿಸ್ಕೊಂಡು ಬಂದು ಕರಿಗೋಧಿ ದೋಸೆ ಹುಯ್ಯೋಕ್ಕೆ ಕೂತಿದ್ದೆ. ಬಾಗಿಲಲ್ಲಿ ಕ್ಷೌರಿಕ ಫಾಂಶ್ ಲಾಗದೆಕ್. ನನ್ನ ತಲೆ ಬೋಳಿಸಿದೋನು ಅವನೇ ಅಂತ ನಿನಗೆ ನಾನು ಹೇಳ್ಬೇಕಾಗಿಲ್ಲ. ಅವನ ಅಂಗಡಿ ಈಗ ದೊಡ್ಡದಾಗಿದೆ, ಮೂರು ಕುರ್ಚಿ. ಟೋಪಿ ತೆಗೆದು ಕೈಲಿ ಹಿಡ್ಕೊಂಡು ನಿಂತಿದ್ದ. ಹದಿನಾಲ್ಕು ವರ್ಷ ಆದ್ಮೇಲೆ ಕ್ಷಮೆ ಕೇಳೋಕ್ಕೆ ಬಂದನೇನೋ ಅಂದ್ಕೊಂಡೆ. ಬಂದ್ರೆ ಏನನ್ನಬೇಕು ಅಂತ ಎಷ್ಟು ವರ್ಷ ಯೋಚಿಸಿಟ್ಕೊಂಡಿದ್ದೆನೋ, ಒಂದೂ ನೆನಪಾಗ್ಲಿಲ್ಲ.

ಕಂಕುಳಲ್ಲಿ ನಿನ್ನ ಪುಸ್ತಕ ಇತ್ತು. "ಲೆಯೋನಿ, ಇದನ್ನ ಪ್ಯಾರಿಸ್ಸಿಗೆ ಕಳಿಸಿ ತಂಗಿ ಕೈಲಿ ಒಂದು ರುಜು ಹಾಕಿಸಿ ಕೊಡ್ತೀಯಾ?" ಅಂದ. ನೂರಾ ಎಂಬತ್ತನೇ ಪುಟದ ಹತ್ರ ಬೆರಳಿಟ್ಟು, "ನನ್ನ ಹೆಸರು ಬದಲಾಯಿಸಿದಾಳೆ, ಆದ್ರೆ ಓದಿದ್ ಕೂಡ್ಲೆ ಗೊತ್ತಾಗುತ್ತೆ. ಕೈ ವರ್ಣನೆ ಮಾತ್ರ ಅದ್ಭುತ" ಅಂದ. ಸೋಜಿಕ್, ಅವನ ಕಣ್ಣಲ್ಲಿ ನೀರಿತ್ತು. ಪುಸ್ತಕದಲ್ಲಿ ತಾನಿದೀನಿ ಅನ್ನೋ ಸಂತೋಷಕ್ಕೆ.

ಬಾಣಲೆ ಮೇಲಿನ ದೋಸೆ ಸೀದುಹೋಯ್ತು. ಪುಸ್ತಕ ಇಸ್ಕೊಂಡೆ. ಯಾಕೆ ಇಸ್ಕೊಂಡೆ ಅಂತ ಕೇಳ್ಬೇಡ. ಅವನು ಹೋದ್ಮೇಲೆ ಅವನು ಮುಟ್ಟಿದ ಬಾಗಿಲಿನ ಚೌಕಟ್ಟನ್ನ ಸೋಪು ಹಾಕಿ ತೊಳೆದೆ. ಪುಸ್ತಕ ಇದರ ಜೊತೆ ಕಳಿಸ್ತಿದೀನಿ. ರುಜು ಹಾಕು, ಬಿಡು, ನಿನ್ನಿಷ್ಟ. ನನ್ನ ಮನೇಲಿ ಅದು ಇರೋದು ಬೇಡ.

ಒಗೆತದಿಂದ ಮುನ್ನೂರು ಪುಟ ಆಗಲ್ಲ ಅಂತೀಯ. ನನ್ನ ಮೂರು ವರ್ಷ ಆಗಿದೆ.

ಆ ಜರ್ಮನ್ ಯಾರು ಅಂತ ಇನ್ನೊಂದ್ಸಲ ಕೇಳ್ತಿದೀನಿ.

ಲೆಯೋನಿ


ಪ್ಯಾರಿಸ್
12 ನವೆಂಬರ್ 1958

ಅಕ್ಕ,

ನಾಲ್ಕು ತಿಂಗಳು ಸುಮ್ಮನಿದ್ದೆ. ಫಾಂಶನ ಪುಸ್ತಕವನ್ನು ಬಿಸಾಡಿದೆ. ಬಿಸಾಡುವ ಮುಂಚೆ ಒಂದು ಕ್ಷಣ ಪೆನ್ನು ಕೈಗೆತ್ತಿಕೊಂಡಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷ ಯಾರು ಮುಂದೆ ಹಿಡಿದರೂ ರುಜು ಹಾಕಿದ ಕೈ. ತಾನಾಗಿ ಏಳುತ್ತದೆ.

ಬೇರೆಯವರಿಂದ ನಿನಗೆ ಗೊತ್ತಾಗುವ ಮೊದಲು ನಾನೇ ಒಂದು ವಿಷಯ ಹೇಳಬೇಕು. ಕಾದಂಬರಿ ಚಿತ್ರವಾಗುತ್ತಿದೆ. ಮಾಡುವವನು ಬೋರ್ಗಾರ್. ಹೌದು, ಅವನೇ. ಅವನ ಕಂಪನಿ ಜರ್ಮನರ ದುಡ್ಡಿನಲ್ಲಿ ನಡೆದ ನಾಲ್ಕು ವರ್ಷವನ್ನು ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ, ಅವನಂತೂ ಮೊದಲೇ ಇಲ್ಲ. ಕೋಟಿನ ಮೇಲೆ ಪದಕದ ಪಟ್ಟಿ ಬೇರೆ. ಊಟಕ್ಕೆ ಕರೆದು, ಬಸವನಹುಳು ಚಿಪ್ಪಿನಿಂದ ಕಿತ್ತು ಕಿತ್ತು ತಿನ್ನುತ್ತ, ನಮ್ಮ ದೇಶದ ಹೆಣ್ಣುಮಕ್ಕಳಿಗೆ ಆದ ಅನ್ಯಾಯದ ಬಗ್ಗೆ ಮಾತಾಡಿದ. ಗದ್ದದ ಮೇಲೆ ಬೆಣ್ಣೆ ಇಳಿಯುತ್ತಿತ್ತು. ನನಗೆ ಎದ್ದು ಹೋಗಬೇಕೆನಿಸಿತು. ಆಗ ಅವನು ಆನ್ನಾ ಪಾತ್ರ ನಾನೇ ಮಾಡಬೇಕು ಅಂದ. ನಿಜವಾದ ಕೂದಲು, ನಿಜವಾದ ಕತ್ತರಿ, ಒಂದೇ ಸಲ, ಮೋಸ ಇಲ್ಲ.

ನಾನು ಕೂತೇ ಇದ್ದೆ.

ನನಗೆ ಮೂವತ್ತೊಂಬತ್ತು. ಇಂಥ ಪಾತ್ರ ನನ್ನ ಜೀವನದಲ್ಲಿ ಬಂದಿಲ್ಲ. ಜರಿ ಹೊದ್ದುಕೊಂಡು ಮೆಟ್ಟಿಲು ಇಳಿಯುವುದು, ಬಾಗಿಲಿಗೆ ಒರಗಿ ಅಳುವುದು, ಅಷ್ಟೇ ನನ್ನ ಕಲೆ. ಒಂದು ಸಲವಾದರೂ ನಿಜವಾದದ್ದನ್ನು ಮಾಡಿ ಮುಗಿಸುತ್ತೇನೆ ಅನಿಸಿತು. ಒಪ್ಪಿಕೊಂಡೆ. ಮೇ ತಿಂಗಳಲ್ಲಿ ನಮ್ಮ ಊರಲ್ಲೇ, ಅದೇ ಚೌಕದಲ್ಲಿ ಚಿತ್ರೀಕರಣ. ಪುರಸಭೆ ಅನುಮತಿ ಕೊಟ್ಟಿದೆ.

ನಿನ್ನ ಮನೆಗೆ ಬರಬಹುದೇ?

ಸೋಜಿಕ್


ಪೋರ್-ಕೆರ್ವಾನ್
18 ನವೆಂಬರ್ 1958

ಬರ್ಬೇಡ.

ಲೆಯೋನಿ


ಕೆಂಪೆರ್, ನಿಲ್ದಾಣದ ಎದುರಿನ ಹೋಟೆಲು
24 ಮೇ 1959

ಅಕ್ಕ,

ನಿನ್ನೆ ನಾನು ನಿನ್ನ ಬಾಗಿಲು ಬಡಿದೆ. ಒಳಗೆ ನೀನಿದ್ದೆ, ಒಲೆಯ ಹೊಗೆ ಏಳುತ್ತಿತ್ತು. ತೆಗೆಯಲಿಲ್ಲ. ಸರಿ. ಚೌಕದಲ್ಲಿ ಏನಾಯಿತು ಅಂತ ಊರಿನವರು ತಮಗೆ ಬೇಕಾದ ಹಾಗೆ ಹೇಳಿರುತ್ತಾರೆ, ನಾನು ನೋಡಿದ್ದನ್ನು ನೀನು ಕೇಳು.

ಬೆಳಿಗ್ಗೆ ಮೇಯರ್ ಹೂಗುಚ್ಛ ಕೊಟ್ಟು, ನಾನು ಊರಿನ ಮಗಳು ಅಂತ ಭಾಷಣ ಮಾಡಿದ. ಚೌಕದ ಸುತ್ತ ಇನ್ನೂರು ಜನ. ಬೋರ್ಗಾರ್ ಪ್ಯಾರಿಸ್ಸಿನಿಂದ ಒಬ್ಬನನ್ನೂ ಕರೆತಂದಿರಲಿಲ್ಲ. ಎಲ್ಲ ನಮ್ಮವರೇ, ದಿನಗೂಲಿಗೆ. ನಲವತ್ತನಾಲ್ಕರ ಬಟ್ಟೆ ಇದ್ದರೆ ಹಾಕಿಕೊಂಡು ಬನ್ನಿ ಅಂದಿದ್ದರಂತೆ, ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡು ಬಂದಿದ್ದರು. ಅದೇ ಪೋಷಾಕು ಅಕ್ಕ. ಕೆಲವರಿಗೆ ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿರಲಿಲ್ಲ, ಅದಕ್ಕೆ ನಗುತ್ತಿದ್ದರು. ಹೆಂಗಸರು ಬುಟ್ಟಿಯಲ್ಲಿ ಬ್ರೆಡ್ಡು, ಸಾಸೇಜು, ಸೇಬಿನ ಸೈಡರ್ ತಂದು ಬೆಂಚಿನ ಮೇಲೆ ಹರಡಿಕೊಂಡಿದ್ದರು. ಕ್ಷೌರಿಕನ ಪಾತ್ರಕ್ಕೆ ಫಾಂಶ್. ಆ ದಿನ ತೊಟ್ಟಿದ್ದ ಬಿಳಿ ಅಂಗಿಯನ್ನೇ ಒಗೆಸಿ, ಇಸ್ತ್ರಿ ಮಾಡಿಸಿ ತಂದಿದ್ದ.

ಬೋರ್ಗಾರ್ ಎಲ್ಲರಿಗೂ ಕೂಗುವುದು ಹೇಗೆ ಅಂತ ಹೇಳಿಕೊಡಲು ಏಣಿ ಹತ್ತಿದ. ಹೇಳಿಕೊಡುವುದು ಬೇಕೇ ಆಗಲಿಲ್ಲ. ಯಾರು ಮುಂದೆ ನಿಲ್ಲಬೇಕು, ಯಾರು ಕುರ್ಚಿ ಹಿಡಿಯಬೇಕು, ಎಲ್ಲ ಅವರಿಗೆ ಗೊತ್ತಿತ್ತು. ಇಬ್ಬರು ಮುದುಕರು ತಾವು ಆ ದಿನ ಕಂಬದ ಎಡಕ್ಕೆ ನಿಂತಿದ್ದದ್ದೋ ಬಲಕ್ಕೋ ಅಂತ ಜಗಳವಾಡಿದರು. ಬೋರ್ಗಾರ್ ನನ್ನ ಕಿವಿಯಲ್ಲಿ, ಇಂಥ ಸಹಜ ನಟರು ಸ್ಟುಡಿಯೋದಲ್ಲಿ ಸಿಗುವುದಿಲ್ಲ ಅಂದ.

ಕುರ್ಚಿಯಲ್ಲಿ ಕೂತೆ. ಮಷೀನು ನೆತ್ತಿಯ ಮೇಲೆ ಹತ್ತಿತು. ಕೂದಲು ತೊಡೆಯ ಮೇಲೆ ಬೀಳುತ್ತಿತ್ತು. ನಾನು ಅಳುವ ಹೊತ್ತಿಗೆ ಅಳಬೇಕಿತ್ತು. ಅಳು ಬರಲಿಲ್ಲ, ಯಾಕೆಂದರೆ ಮುಖ ನೋಡುತ್ತಿದ್ದೆ. ಒಬ್ಬನ ಮುಖದಲ್ಲಾದರೂ ನಾಚಿಕೆ ಇದೆಯೇ ಅಂತ ಒಂದೊಂದಾಗಿ ಹುಡುಕಿದೆ. ಹಬ್ಬದ ಮುಖಗಳು. ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಒಬ್ಬಳು ಹತ್ತಿರ ಬಂದು ಉಗಿದಳು, ಚಿತ್ರಕಥೆಯಲ್ಲಿ ಇಲ್ಲದ್ದು. ಕೆನ್ನೆಯ ಮೇಲೆ ಬೆಚ್ಚಗೆ ಇಳಿಯಿತು, ಸಾಸೇಜಿನ ವಾಸನೆ. ಬೋರ್ಗಾರ್ ನಿಲ್ಲಿಸಬೇಡಿ, ನಿಲ್ಲಿಸಬೇಡಿ ಅಂತ ಕೈ ಸನ್ನೆ ಮಾಡುತ್ತಿದ್ದ.

ಅರ್ಧ ತಲೆ ಆಗಿತ್ತು. ಆಗ ಜನರ ನಡುವಿಂದ ಒಂದು ಹೆಂಗಸಿನ ದನಿ, ಕೂಗಿದ್ದಲ್ಲ, ಮಾಮೂಲು ಮಾತಾಡುವ ಹಾಗೆ:

"ನಿನಗೆ ಆಗ್ಲೇ ಆಗಬೇಕಿತ್ತು ಇದು, ಸೋಜಿಕ್. ಅವಳಿಗಲ್ಲ."

ಆನ್ನಾ ಅನ್ನಲಿಲ್ಲ. ಕೊರಿನ್ ಅನ್ನಲಿಲ್ಲ. ಇಪ್ಪತ್ತು ವರ್ಷದಿಂದ ಆ ಚೌಕದಲ್ಲಿ ಯಾರೂ ಕರೆಯದ ಹೆಸರಲ್ಲಿ ಕರೆದಳು. ಎಲ್ಲ ಒಂದು ಗಳಿಗೆ ತಣ್ಣಗಾಯಿತು. ಫಾಂಶನ ಕೈ ನನ್ನ ತಲೆಯ ಮೇಲೇ ನಿಂತಿತು.

ನಾನು ಎದ್ದೆ. ಕತ್ತಿನ ಬಟ್ಟೆ ಬಿಚ್ಚಿ ಅವನ ಕೈಗೆ ಕೊಟ್ಟೆ. ಬೋರ್ಗಾರ್ ಏಣಿಯಿಂದ ಇಳಿಯುತ್ತ ಒಪ್ಪಂದ, ವಕೀಲರು, ಏನೇನೋ ಅರಚುತ್ತಿದ್ದ. ನನ್ನ ತೋಳು ಹಿಡಿದ. ಅದೇ ಕೈ. ಬಿಡಿಸಿಕೊಂಡು ಮೀನುಪೇಟೆಯ ಇಳಿಜಾರಿನಲ್ಲಿ ನಿನ್ನ ಮನೆಯವರೆಗೂ ಆ ತಲೆಯಲ್ಲೇ ನಡೆದುಬಂದೆ. ದಾರಿಯಲ್ಲಿ ಒಬ್ಬ "ಹುಚ್ಚಿ" ಅಂದ. ಒಬ್ಬಳು ಕಿಟಕಿ ಮುಚ್ಚಿದಳು.

ಆ ಮಾತು ಅಂದವಳು ಯಾರು? ನೀನು ಹೇಳಿಕೊಟ್ಟೆಯಾ?

ಸೋಜಿಕ್


ಪೋರ್-ಕೆರ್ವಾನ್
6 ಜೂನ್ 1959

ಸೋಜಿಕ್,

ನಾನು ಹೇಳಿಕೊಟ್ಟಿದ್ದಲ್ಲ. ಅಂದೋಳು ಬಾರ್ಬ್, ನನ್ನ ಮೇಜಿನಲ್ಲಿ ಪಕ್ಕ ಕೂತು ಮೀನಿನ ತಲೆ ಕೀಳೋಳು. ಜಾಸ್ತಿ ಮಾತಿಲ್ಲದ ಹೆಂಗಸು. ಯಾಕೇ ಹಾಗಂದೆ ಅಂತ ಕೇಳ್ದೆ. "ಬಾಯಿಗೆ ಬಂತು, ಅಂದೆ" ಅಂದ್ಲು. ಆ ದಿನ ನಾನು ಕುರ್ಚೀಲಿ ಕೂತಿದ್ದಾಗ ಅವಳೂ ಅಲ್ಲಿದ್ಲು. ಆಗ ಬಾಯಿಗೆ ಬರ್ಲಿಲ್ಲ. ಅದನ್ನೂ ಅವಳೇ ಹೇಳಿದ್ಲು, ಮೀನಿನ ಕಡೆಯಿಂದ ಕಣ್ಣು ಎತ್ತದೆ.

ಊರಿನವರಿಗೆ ನಿನ್ನ ಮೇಲೆ ಕೋಪ. ಅರ್ಧ ತಲೇಲಿ ಎದ್ದುಹೋದದ್ದಕ್ಕಲ್ಲ. ಎರಡು ದಿನದ ಕೂಲಿ ಅಂದಿದ್ರು, ಒಂದೇ ದಿನದ್ದು ಸಿಕ್ತು. ಉಳಿದರ್ಧ ತಲೆ ಬೋಳಿಸೋಕ್ಕೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ತಾರಾ ಅಂತ ಫಾಂಶ್ ದಿನಾ ಅಂಚೆಯವನ್ನ ಕೇಳ್ತಾನಂತೆ.

ನಾನು ಆ ದಿನ ಮನೇಲೇ ಇದ್ದೆ. ಚೌಕದ ಗಲಾಟೆ ಅಡುಗೆಮನೆವರೆಗೂ ಕೇಳ್ತಿತ್ತು. ಕಿವಿಗೆ ಚಿಂದಿ ತುರುಕ್ಕೊಂಡು ಕೂತಿದ್ದೆ. ಆದ್ರೂ ಕೇಳ್ತು. ಅದೇ ಗಲಾಟೆ, ಏರಿಳಿತನೂ ಅದೇ. ಎಲ್ಲಿ ನಗ್ತಾರೆ, ಎಲ್ಲಿ ಚಪ್ಪಾಳೆ ಬೀಳುತ್ತೆ, ನನಗೆ ಬಾಯಿಪಾಠ. ಆಮೇಲೆ ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು. ನನ್ನ ದಿನ ಅದು ನಿಂತಿರ್ಲಿಲ್ಲ.

ನೀನು ಬಾಗಿಲು ಬಡಿದಾಗ ಕಿಟಕಿ ಪರದೆ ಸಂದೀಲಿ ನಿನ್ನ ತಲೆ ನೋಡ್ದೆ. ಒಂದು ಕಡೆ ಬಣ್ಣ ಹಾಕಿದ ಕೂದಲು, ಒಂದು ಕಡೆ ಬಿಳಿ ಚರ್ಮ. ಕರುಣೆ ಬರುತ್ತೆ ಅಂದ್ಕೊಂಡೆ. ಬರ್ಲಿಲ್ಲ. ನನ್ನದನ್ನ ಹಾಕ್ಕೊಂಡು ನನ್ನ ಮನೆ ಮುಂದೆನೇ ಬಂದು ನಿಂತಿದಾಳಲ್ಲ ಅಂತ ಮೈ ಉರೀತು. ನಿನ್ನ ಕೂದಲಿಗೆ ಆರು ತಿಂಗಳು ಸಾಕು. ಪ್ಯಾರಿಸ್ಸಲ್ಲಿ ಚೆಂದದ ಟೋಪಿಗಳೂ ಸಿಗ್ತವೆ. ನಾನು ಅಮ್ಮನ ಬಿಳಿ ಕುಲಾವಿ ಕಟ್ಕೊಂಡು ಕೆಲಸಕ್ಕೆ ಹೋಗ್ತಿದ್ದೆ, ಗಾಳಿ ಬೀಸಿದ್ರೆ ಎರಡೂ ಕೈಲಿ ಹಿಡ್ಕೋತಿದ್ದೆ. ಅಮ್ಮ ಆ ಚಳಿಗಾಲದಲ್ಲೇ ಹೋಗಿದ್ದು. ಅವಳಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ, ಜ್ವರಕ್ಕೆ ಕತ್ತರಿಸಿದ್ರು ಅಂದಿದ್ದೆ. ನಂಬಿದ್ಲೋ ಏನೋ.

ನನಗೆ ಪುಸ್ತಕ ಬೇಡ, ಸಿನಿಮಾ ಬೇಡ, ಅರ್ಧ ಬೋಳಿಸಿಕೊಂಡ ತಲೆ ಬೇಡ. ನಾನು ಆ ಕುರ್ಚೀಲಿ ಕೂತಿದ್ದ ಆಗಸ್ಟಲ್ಲಿ ನೀನು ಎಲ್ಲಿದ್ದೆ? ಆಮೇಲೆ ಏನು ಮಾಡ್ದೆ? ಅದನ್ನ ನನಗೊಬ್ಬಳಿಗೆ ಬರಿ. ಚೆನ್ನಾಗಿ ಬರೆಯೋಕ್ಕೆ ಹೋಗ್ಬೇಡ.

ಲೆಯೋನಿ


ಪ್ಯಾರಿಸ್
2 ಅಕ್ಟೋಬರ್ 1959

ಲೆಯೋನಿ,

ಬೇಸಿಗೆ ಇಡೀ ಹಿಡಿಯಿತು. ಹನ್ನೊಂದು ಸಲ ಬರೆದೆ, ಹನ್ನೊಂದು ಸಲವೂ ಚೆನ್ನಾಗಿ ಬಂತು, ಹರಿದೆ. ಬೋರ್ಗಾರ್ ಬೇರೆ ನಟಿಯನ್ನು ಹಾಕಿಕೊಂಡು ಚಿತ್ರ ಮುಗಿಸುತ್ತಿದ್ದಾನೆ, ಸ್ಟುಡಿಯೋದಲ್ಲಿ. ನನ್ನ ಮೇಲೆ ಮೊಕದ್ದಮೆ ಇದೆ. ಇನ್ನು ಯಾರೂ ನನ್ನನ್ನು ಕ್ಯಾಮೆರಾ ಮುಂದೆ ನಿಲ್ಲಿಸುವುದಿಲ್ಲ. ಅದೆಲ್ಲ ಇರಲಿ.

ಆ ಜರ್ಮನ್ ನನ್ನವನು. ಹೆಸರು ಬೇಡ. ಚಿತ್ರಗಳಿಗೆ ಪರವಾನಗಿ ಕೊಡುವ ಕಚೇರಿಯಲ್ಲಿದ್ದ. ಬೋರ್ಗಾರ್ ಒಂದು ಸಂಜೆ ಅವನನ್ನು ನನ್ನ ಪಕ್ಕ ಕೂರಿಸಿ ತಾನು ಎದ್ದುಹೋದ. ನನಗೆ ಅರ್ಥವಾಯಿತು. ಯಾರೂ ಬಲವಂತ ಮಾಡಲಿಲ್ಲ. ಪಿಯಾನೋ ನುಡಿಸುತ್ತಿದ್ದದ್ದು ನಿಜ, ಕೆಟ್ಟದಾಗಿ. ಕೈಗೆ ಮುತ್ತಿಡುತ್ತಿದ್ದದ್ದೂ ನಿಜ, ನನ್ನ ಕೈಗೆ. ಎರಡು ವರ್ಷ ನನಗೆ ಕಾಫಿ ಇತ್ತು, ಬೆಣ್ಣೆ ಇತ್ತು, ರೇಷ್ಮೆಯ ಕಾಲುಚೀಲ ಇತ್ತು. ಪ್ರೀತಿ ಇತ್ತೋ ಇಲ್ಲವೋ ನನಗೇ ಗೊತ್ತಿಲ್ಲ, ಬೆಣ್ಣೆ ಚೆನ್ನಾಗಿತ್ತು. ಅವನನ್ನು ತಂದು ನಿನ್ನ ಪಕ್ಕದಲ್ಲಿ ಮಲಗಿಸಿದೆ, ಓದುವವರಿಗೆ ನಿನ್ನ ಮೇಲೆ ಕನಿಕರ ಬರಲಿ ಅಂತ. ಅಲ್ಲ. ನನ್ನ ಮನೆಯಲ್ಲಿ ಅವನು ಇರುವುದು ಬೇಡ ಅಂತ.

ನಿನ್ನ ತಲೆ ಬೋಳಿಸಿದ ಮರುತಿಂಗಳು, ಸೆಪ್ಟೆಂಬರಿನಲ್ಲಿ, ನೀನು ಬರೆದ ಪತ್ರ ನನಗೆ ತಲುಪಿತ್ತು. ನಿನ್ನಿಂದ ಯಾವ ಪತ್ರವೂ ಬಂದಿಲ್ಲ ಅಂತ ಆಮೇಲೆ ಕಾರ್ಡಿನಲ್ಲಿ ಬರೆದಿದ್ದೆ. ಕೂದಲು ಬೆಳೆಯುವವರೆಗೆ ಅಮ್ಮನನ್ನೂ ಕರೆದುಕೊಂಡು ಪ್ಯಾರಿಸ್ಸಿಗೆ ಬರಲೇ, ಒಂದು ಮೂಲೆ ಸಾಕು ಅಂತ ನೀನು ಕೇಳಿದ್ದೆ. ನನಗೆ ಮೂರು ಕೋಣೆ ಇತ್ತು. ಪತ್ರವನ್ನು ಒಲೆಗೆ ಹಾಕಿದೆ.

ನವೆಂಬರಿನಲ್ಲಿ, ಜರ್ಮನರ ಜೊತೆ ಸೇರಿದ್ದ ಸಿನಿಮಾದವರನ್ನು ವಿಚಾರಿಸುವ ಸಮಿತಿ ನನ್ನನ್ನು ಕರೆಯಿತು. ಉದ್ದ ಮೇಜು, ಮೂವರು ಗಂಡಸರು. ಅವರಲ್ಲಿ ಒಬ್ಬ ಯುದ್ಧದ ಮೊದಲು ನನ್ನ ಫೋಟೋ ಕೇಳಿ ಇಸಿದುಕೊಂಡಿದ್ದವನು. ಜರ್ಮನನ ವಿಷಯ ಬಂತು. ಗೆಳೆತನ ಅಂದೆ. ಚಿತ್ರಗಳ ವಿಷಯ ಬಂತು. ಹೊಟ್ಟೆಪಾಡು ಅಂದೆ. ಕಪ್ಪು ಉಡುಪು ಹಾಕಿಕೊಂಡಿದ್ದೆ, ಧ್ವನಿ ತಗ್ಗಿಸಿದ್ದೆ, ಚೆನ್ನಾಗಿ ನಡೆಯುತ್ತಿತ್ತು. ಕೊನೆಗೆ ನಡುವಿನವನು ಒಂದು ಹಾಳೆ ತಿರುಗಿಸಿ, "ಪೋರ್-ಕೆರ್ವಾನಿನಲ್ಲಿ ಲೆಯೋನಿ ಕೆಮೆನೆರ್ ಅನ್ನೋ ಒಬ್ಬಳಿಗೆ ತಲೆ ಬೋಳಿಸಿದ್ದಾರೆ. ನಿಮಗೆ ಏನಾಗಬೇಕು?" ಅಂದ.

"ಏನೂ ಆಗಬೇಕಿಲ್ಲ," ಅಂದೆ. "ನನಗೆ ಅಕ್ಕ ಇಲ್ಲ."

ತೊದಲಲಿಲ್ಲ. ನಾನು ಜೀವನದಲ್ಲಿ ಹೇಳಿದ ಅತ್ಯಂತ ಸಹಜವಾದ ಸಂಭಾಷಣೆ ಅದು. ಮೂರು ತಿಂಗಳ ನಿಷೇಧ ಹಾಕಿ ಬಿಟ್ಟರು. ಹೊರಗೆ ಬೋರ್ಗಾರ್ ಕಾರಿನಲ್ಲಿ ಕಾಯುತ್ತಿದ್ದ. ಹೋಗಿ ಊಟ ಮಾಡಿದೆವು. ಹಸಿವಾಗಿತ್ತು. ತಟ್ಟೆ ಒರೆಸಿ ತಿಂದೆ.

ಇಷ್ಟೇ. ಕನ್ನಡಿ ನೋಡಿದರೆ ವಾಕರಿಕೆ ಬರುತ್ತದೆ ಅಂತೆಲ್ಲ ಬರೆದಿದ್ದೆ, ಹೊಡೆದುಹಾಕಿದ್ದೇನೆ. ಇದಕ್ಕೆ ಉತ್ತರ ಬೇಡ.

ಸೋಜಿಕ್ ಕೆಮೆನೆರ್


ಪೋರ್-ಕೆರ್ವಾನ್
15 ಅಕ್ಟೋಬರ್ 1959

ಸೋಜಿಕ್,

ನನಗೆ ಗೊತ್ತಿತ್ತು.

ನೀನು ಅಕ್ಕ ಇಲ್ಲ ಅಂದ್ಯಲ್ಲ, ಆ ಸಮಿತಿಯವರು ನಿನ್ನನ್ನ ಬಿಟ್ಟಮೇಲೆ ನಿಜಾನಾ ಅಂತ ನಮ್ಮ ಪುರಸಭೆಗೆ ಕಾಗದ ಬರೆದು ಕೇಳಿದ್ರು. ಕಚೇರೀಲಿ ಗುಮಾಸ್ತೆ ಆಗಿದ್ದ ಮರಿವೊನ್ ನನ್ನನ್ನ ಕರೆಸಿ ತೋರ್ಸಿದ್ಲು. "ಹೇಳಿಕೆ ನೀಡಿದವರಿಗೆ ಸಹೋದರಿ ಇಲ್ಲವೆಂದು ತಿಳಿಸಿರುತ್ತಾರೆ, ದೃಢಪಡಿಸುವುದು." ಏನು ಬರೀಲಿ ಲೆಯೋನಿ ಅಂತ ಕೇಳಿದ್ಲು. ನೀನು ಸುಳ್ಳು ಹೇಳಿದೀಯ ಅಂತ ಬರೆಸಿದ್ರೆ ನಿನ್ನ ಕೆಲಸ ಅಲ್ಲಿಗೇ ಮುಗೀತಿತ್ತು. ಜೈಲಿಗೂ ಹೋಗ್ತಿದ್ಯೇನೋ. ಕಚೇರಿ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ, ಕುಲಾವಿ ಕಟ್ಕೊಂಡು. ಸಹೋದರಿ ಇಲ್ಲ ಅಂತಲೇ ಬರಿ ಅಂದೆ.

ಒಳ್ಳೇತನ ಅಂದ್ಕೋಬೇಡ. ನಿನಗೆ ಅಕ್ಕ ಇಲ್ಲದಿದ್ರೆ ನನಗೂ ತಂಗಿ ಇಲ್ಲ ಅನ್ನೋ ಹಟ ಅದು. ಆಮೇಲೆ ಒಂದೊಂದು ಹೊಸ ವರ್ಷಕ್ಕೂ ನಿನ್ನ ಕಾರ್ಡು ಬಂದಾಗ ತಿರುಗಿಸಿ ನೋಡ್ತಿದ್ದೆ, ಈ ಸಲ ಹೇಳಿದಾಳಾ ಅಂತ. ಹದಿನಾಲ್ಕು ಕಾರ್ಡು. ಆಮೇಲೆ ಪುಸ್ತಕ ಬಂತು. ಅದರಲ್ಲಾದ್ರೂ ಇದೆಯಾ ಅಂತ ಮೀನು ಕುಯ್ಯೋ ಕೈ ತೊಳ್ಕೊಂಡು ಮುನ್ನೂರು ಪುಟ ಓದ್ದೆ.

ಈ ಪತ್ರವನ್ನ ಎರಡು ಸಲ ಓದ್ದೆ. ತಟ್ಟೆ ಒರೆಸಿ ತಿಂದೆ ಅಂದ್ಯಲ್ಲ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ಕ್ಷಮಿಸಿದೀನಿ ಅಂತ ಬರೆಯೋಕ್ಕೆ ನನ್ನ ಕೈಲಿ ಆಗಲ್ಲ, ಕೇಳ್ಬೇಡ. ಆದ್ರೆ ಇದು ನೀನು ಬರೆದದ್ದು ಅಂತ ಗೊತ್ತಾಗುತ್ತೆ. ಬೇರೆ ಯಾರೋ ಬರೆದುಕೊಟ್ರು ಅಂತ ಯಾರೂ ಅನ್ನಲ್ಲ.

ಮೊದಲಿನ ಪುಸ್ತಕ ಸುಳ್ಳು. ಬರೆದ್ರೆ ಇದನ್ನ ಬರಿ. ಬೆಣ್ಣೆ, ಒಲೆಗೆ ಹಾಕಿದ ಪತ್ರ, ಉದ್ದ ಮೇಜು, ಎಲ್ಲ. ನನ್ನ ಒಗೆತನೂ ಹಾಕು, ಎಷ್ಟು ಪುಟ ಆಗುತ್ತೋ ಆಗ್ಲಿ, ಸೋಡಾ ಎಷ್ಟು, ನೀರು ಎಷ್ಟು, ಏನು ಬೇಕೋ ಕೇಳು ಹೇಳ್ತೀನಿ. ಕುರ್ಚಿ ಕೊಟ್ಟ ಯಜಮಾನನ್ನೂ ಹಾಕು. ಊರಿನವರು ಏನಂತಾರೆ ಅಂತ ನನಗೆ ಚಿಂತೆ ಇಲ್ಲ, ಅವರು ಏನು ಅಂತ ನೋಡಿದೀನಿ.

ಆನ್ನಾ ಗೀನ್ನಾ ಬೇಡ. ಆ ಮೂವರ ಮುಂದೆ ನನ್ನ ಹೆಸರು ಓದಿದ್ರಲ್ಲ, ಅದೇ ಹೆಸರು ಹಾಕು, ಪೂರ್ತಿ. ನಿನಗೆ ಏನಾಗ್ಬೇಕು ಅನ್ನೋದನ್ನೂ ಅದರ ಪಕ್ಕದಲ್ಲೇ ಬರಿ.

ನಿನ್ನ ಅಕ್ಕ
ಲೆಯೋನಿ ಕೆಮೆನೆರ್